ಮಿಥ್ಯಾಬೋಧಕರು

ಕ್ರೈಸ್ತಧರ್ಮದಲ್ಲಿ, ಅಪೊಸ್ತಲರಿಂದ ಬಂದ ಉಪದೇಶವನ್ನು ವಿಕೃತಗೊಳಿಸಿಯೋ ಸ್ವಲಾಭಕ್ಕೆ ಬಳಸಿಯೋ ವಿಶ್ವಾಸಿಗಳನ್ನು ದಾರಿತಪ್ಪಿಸುವವರಿಗೆ ಸಲ್ಲುವ ಹೆಸರು. ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಯೇಸು ಇಂಥವರನ್ನು ಕುರಿಯ ವೇಷದ ತೋಳಗಳಿಗೆ ಹೋಲಿಸಿ, ಮರವನ್ನು ಫಲದಿಂದ ಅರಿಯುವಂತೆ ಇವರನ್ನು ನಡತೆಯಿಂದ ಅರಿಯಬೇಕೆಂದು ಬೋಧಿಸಿದನು. ಯೋಹಾನನ ಮೊದಲನೆಯ ಪತ್ರಿಕೆಯಾದರೋ ಕ್ರಿಸ್ತನು ಶರೀರಧಾರಿಯಾಗಿ ಬಂದನೆಂಬ ಅಂಗೀಕಾರವನ್ನೇ ಒರೆಗಲ್ಲಾಗಿ ನಿಲ್ಲಿಸುತ್ತದೆ.

ಲೋಕಾನುಭವದ ದೃಷ್ಟಿಯಿಂದ ಇವುಗಳಿಗೆ ಪೂರಕವಾದುದು, 1056ರಲ್ಲಿ ಬರೆದ ಹಸ್ತಪ್ರತಿಯೊಂದರಲ್ಲಿ ಅಡಗಿದ್ದು 1873ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಫಿಲೊಥಿಯೊಸ್ ಬ್ರಯೆನ್ನಿಯೊಸನಿಗೆ ದೊರೆತ ‘ದಿದಖೆ’ ಎಂಬ ಪ್ರಾಚೀನ ಗ್ರೀಕ್ ಕೈಪಿಡಿ. ಅದರ ಪ್ರಕಾರ, ಸಂಚಾರಿಯಾದ ಅಪೊಸ್ತಲನನ್ನು ಪ್ರಭುವನ್ನೆಂಬಂತೆ ಬರಮಾಡಿಕೊಳ್ಳಬೇಕು. ಆದರೆ ಒಂದು ದಿನ, ಅವಶ್ಯವಾದರೆ ಎರಡು ದಿನ ತಂಗಬಹುದಾದವನು ಮೂರನೆಯ ದಿನವೂ ಉಳಿದರೆ, ಹೊರಡುವಾಗ ಮುಂದಿನ ಬಿಡಾರದವರೆಗಿನ ರೊಟ್ಟಿಯಲ್ಲದೆ ಹಣವನ್ನು ಬೇಡಿದರೆ, ಅವನು ಸುಳ್ಳುಪ್ರವಾದಿ. ಸತ್ಯವನ್ನು ಬೋಧಿಸಿಯೂ ಅದರಂತೆ ನಡೆಯದವನೂ ಹಾಗೆಯೇ. ದಿಕ್ಕಿಲ್ಲದವರಿಗಾಗಿ ಬೇಡುವವನನ್ನು ಮಾತ್ರ ಯಾರೂ ತೀರ್ಪಿಗೆ ಗುರಿಮಾಡಕೂಡದು ಎಂಬ ವಿನಾಯಿತಿಯನ್ನು ಓದುವಾಗ, ಆ ಬಡ ಸಭೆಗಳು ಎಚ್ಚರದ ನೆಪದಲ್ಲಿ ಕರುಣೆಯನ್ನು ತೊರೆಯಲಿಲ್ಲವೆಂಬುದು ಹೃದಯಂಗಮವಾಗಿ ತೋರುತ್ತದೆ.

ಪ್ರತಿಕ್ರಿಯೆಯ ಕ್ರಮವನ್ನು ತೀತನಿಗೆ ಬರೆದ ಪತ್ರಿಕೆ ಸಂಕ್ಷೇಪವಾಗಿ ಹೇಳುತ್ತದೆ: ಒಂದೆರಡು ಬಾರಿ ಬುದ್ಧಿ ಹೇಳಿ, ಬಳಿಕ ದೂರವಿರುವುದು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆ ವಿರೋಧಿಗಳನ್ನು ಸೌಮ್ಯವಾಗಿ ತಿದ್ದಬೇಕೆನ್ನುತ್ತದೆ. ಹೀಗೆ ದೂರವಿರಿಸಿದ ನಿದರ್ಶನವೊಂದರಲ್ಲಿ, ಯೆಹೂದ್ಯರ ದೇವರನ್ನೂ ಯೇಸುವಿನ ತಂದೆಯನ್ನೂ ಬೇರೆಬೇರೆಯೆಂದು ಸಾರಿದ ಮಾರ್ಸಿಯೋನನನ್ನು 144ರ ಸುಮಾರಿಗೆ ಬಹಿಷ್ಕರಿಸಿದ ರೋಮಿನ ಸಭೆಯು, ಅವನು ಮೊದಲು ಅರ್ಪಿಸಿದ್ದ 2,00,000 ಸೆಸ್ಟರ್ಸ್‌ಗಳನ್ನೂ ಹಿಂದಿರುಗಿಸಿತೆಂದು ತೆರ್ತುಲ್ಲಿಯನನ ಬರಹಗಳಿಂದ ತಿಳಿದುಬರುತ್ತದೆ.