ಸಾಲ ತೀರಿದ ಮೇಲೂ ಉಳಿಯುವ ಬೋಜಾ



ಕಳೆದ ತಿಂಗಳು ಪುಣೆಯಿಂದ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಮನೆ ಕೊಳ್ಳಲು ಗೃಹಸಾಲಕ್ಕೆ ಅರ್ಜಿ ಹಾಕಿದ್ದನಂತೆ. ಸಂಬಳ ಸಾಕಷ್ಟಿತ್ತು; ಮನೆಯ ಕಾಗದಪತ್ರಗಳೂ ನೆಟ್ಟಗಿದ್ದವು. ಆದರೂ ಅರ್ಜಿ ತಿರಸ್ಕೃತವಾಯಿತು. ಐದು ವರ್ಷಗಳ ಹಿಂದೆ ಕೆಲಸ ಹೋದಾಗ ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಅರ್ಧಕ್ಕೆ ರಾಜಿ ಮಾಡಿಕೊಂಡಿದ್ದ. ಅಲ್ಲಿಗೆ ಎಲ್ಲ ಮುಗಿಯಿತೆಂದೇ ನಂಬಿದ್ದ. "ಸರ್, ಸಾಲ ಮುಗಿದ ಮ್ಯಾಲೂ ನಾವು ಸಾಲಗಾರರೇ ಏನ್ರೀ?" ಎಂದು ಕೇಳಿದ. ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ನೆನಪಾದದ್ದು ನನ್ನ ತಂದೆಯವರ ಮುಖ.

ನಮ್ಮ ಐಗಳಿ ಅಥಣಿ ತಾಲೂಕಿನ ಪೂರ್ವಭಾಗದ ಒಣಸೀಮೆ. ಕೃಷ್ಣೆಯ ದಂಡೆಯ ಕಬ್ಬಿನ ಹಸಿರು ಇಲ್ಲಿಗೆ ತಲುಪುವುದಿಲ್ಲ. ಈಗ ದ್ರಾಕ್ಷಿಯ ಪಡಕುಗಳು ಕಾಣುತ್ತವೆ. ನನ್ನ ಬಾಲ್ಯದಲ್ಲಿ ಜೋಳ, ಸಜ್ಜೆ, ಮತ್ತು ಮುಗಿಲ ಕಡೆ ನೋಟ, ಇಷ್ಟೇ. 1972ರ ಬರ ಕಳೆದ ಮೇಲೆ ತಂದೆಯವರು ಹೊಲವನ್ನು ಅಡವಿಟ್ಟು ಬಾವಿ ತೋಡಿಸಲು ಸಾಲ ತಂದರು. ಬಾವಿಗೆ ನೀರು ಬಂದದ್ದು ಅಷ್ಟಕ್ಕಷ್ಟೇ. ಕಂತು ತಪ್ಪಿತು, ನೋಟೀಸು ಬಂದಿತು. ಕೊನೆಗೆ 1984ರಲ್ಲಿ ಒಂದು ಜೋಡಿ ಎತ್ತು ಮಾರಿ ಬಡ್ಡಿಸಮೇತ ತೀರಿಸಿದರು.

ಹತ್ತು ವರ್ಷಗಳ ಅನಂತರ ನಾನು ಮನೆ ಕಟ್ಟಲು ಸಾಲ ಕೇಳಿದಾಗ ಆ ಹೊಲದ ಉತಾರವನ್ನೂ ಭದ್ರತೆಗೆಂದು ಒಯ್ದೆ. ಅಧಿಕಾರಿಗಳು ಬೆರಳಿಟ್ಟು ತೋರಿಸಿದರು: ಬೋಜಾ ಇನ್ನೂ ಇಳಿದಿರಲಿಲ್ಲ. ಸಾಲ ತೀರಿತ್ತು, ಸರಕಾರಿ ದಫ್ತರದಲ್ಲಿ ತೀರಿರಲಿಲ್ಲ. ಪಕ್ಕದ ಬೆಂಚಿನ ಮೇಲಿದ್ದ ತಂದೆಯವರು, "ತೀರಿಸೇನ್ರೀ, ಎತ್ತು ಮಾರಿ ತೀರಿಸೇನಿ" ಎಂದು ಎರಡು ಸಲ ಹೇಳಿದರು. ಅವರ ಮಾತನ್ನು ಯಾರೂ ಸುಳ್ಳೆನ್ನಲಿಲ್ಲ, ನಿಜವೆಂದು ಬರೆದುಕೊಳ್ಳಲೂ ಇಲ್ಲ. ಊರಿಗೆ ಮರಳುವ ಬಸ್ಸಿನಲ್ಲಿ ಅವರು ಒಂದು ಮಾತೂ ಆಡಲಿಲ್ಲ.

ನಮ್ಮನ್ನು ಪಾರುಮಾಡಿದವಳು ಅವ್ವ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಶಿಕ್ಕಾ ಬಿದ್ದ ಕಾಗದವನ್ನು ಎಸೆಯಬಾರದೆಂಬುದು ಅವಳ ವ್ರತವಾಗಿತ್ತು. ಟ್ರಂಕಿನ ತಳದಲ್ಲಿ, ಮದುವೆಯ ಸೀರೆಯ ಕೆಳಗೆ, 1984ರ ಪಾವತಿ ದೊರಕಿತು. ಬೋಜಾ ಇಳಿಯಲು ನಾಲ್ಕು ತಿಂಗಳು ಹಿಡಿಯಿತು. ಇಂದಿನ ಗಣಕೀಕೃತ ಪಹಣಿಯಲ್ಲಿ ಹನ್ನೊಂದನೆಯ ಕಾಲಮ್ಮಿನ ಋಣಗಳನ್ನು ನೋಡುವಾಗಲೆಲ್ಲ ನನಗೆ ಆ ಟ್ರಂಕು ನೆನಪಾಗುತ್ತದೆ.

ಇತಿಹಾಸದ ಮೇಷ್ಟರಾದ ನನಗೆ ಇದು ನಮ್ಮ ಮನೆಯೊಂದರ ಕತೆಯಲ್ಲವೆಂದು ತಿಳಿದದ್ದು ದಖ್ಖನಿನ ದಂಗೆಗಳ ಪಾಠವನ್ನು ಮಾಡುವಾಗ. ನಮ್ಮ ಸೀಮೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಆದ್ದರಿಂದ ಪುಣೆ, ಸೋಲಾಪುರಗಳ ಸಾಲದ ಕತೆಗೂ ನಮಗೂ ನಂಟಿದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861-65) ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದಿತು. ಸಾಹುಕಾರರು ಕೈಬಿಚ್ಚಿ ಸಾಲ ಕೊಟ್ಟರು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಕಂದಾಯ ಮಾತ್ರ ಏರಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿದರು. ಅವರು ಮುಖ್ಯವಾಗಿ ಹುಡುಕಿದ್ದು ಸಾಲಪತ್ರಗಳನ್ನು. ಕಾಗದ ಸುಟ್ಟರೆ ಋಣವೂ ಸುಡುತ್ತದೆಂದು ನಂಬಿ ಅವುಗಳಿಗೆ ಬೆಂಕಿಯಿಟ್ಟರು.

ಇದರ ಫಲವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂದಿತು. ಮೊದಲು ಪುಣೆ, ಸಾತಾರಾ, ಸೋಲಾಪುರ, ಅಹ್ಮದನಗರ ಜಿಲ್ಲೆಗಳಿಗೆ ಅನ್ವಯಿಸಿ, ಮುಂದೆ ಪ್ರಾಂತದ ಇತರ ಕಡೆಗಳಿಗೂ ಹಬ್ಬಿತು. ನ್ಯಾಯಾಲಯವು ಪತ್ರದಲ್ಲಿ ಬರೆದ ಮೊತ್ತವನ್ನೇ ನಂಬದೆ ಲೆಕ್ಕವನ್ನು ಮೊದಲಿನಿಂದ ಕೆದಕಬಹುದಾಯಿತು. ಇದು ದೊಡ್ಡ ಪರಿಹಾರವೇ ಸರಿ. ಆದರೆ ಸಾಹುಕಾರನೂ ಪಾಠ ಕಲಿತ. ಅಡಮಾನವನ್ನು ನ್ಯಾಯಾಲಯ ಬಿಡಿಸಿಕೊಡುತ್ತದೆಂದ ಮೇಲೆ ಅನೇಕರು ಅಡಮಾನವನ್ನೇ ಒಲ್ಲೆಂದರು. "ಖರೀದಿಪತ್ರ ಬರೆದುಕೊಡು, ಹಣ ಕೊಟ್ಟಾಗ ಹೊಲ ತಿರುಗಿ ಕೊಡುತ್ತೇನೆ" ಎಂದರು. ಬಾಯಿಮಾತು ಮರೆತುಹೋಯಿತು, ಹೊಲವೂ ಹೋಯಿತು.

ಹೀಗೆ ಋಣಪರಿಹಾರವೇ ಮುಂದಿನ ಸಾಲಕ್ಕೆ ಅಡ್ಡಗೋಡೆಯಾಗುವುದು ಹೊಸದಲ್ಲ. 1976ರ ಕರ್ನಾಟಕ ಋಣ ಪರಿಹಾರ ಕಾಯ್ದೆಯ ಕಾಲದಲ್ಲಿ ನಾನು ಹದಿಹರೆಯದವ. ಬಡವರ ಖಾಸಗಿ ಸಾಲ ರದ್ದಾಗಿ, ಗಿರವಿಯಿಟ್ಟ ಒಡವೆಗಳು ಮರಳಿ ಬಂದವು. ನಮ್ಮ ಓಣಿಯ ಹೆಂಗಸರು ತಾಳಿಯ ಗುಂಡುಗಳನ್ನು ಕಣ್ಣಿಗೊತ್ತಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಮರುವರ್ಷ ಬಿತ್ತುವ ಹೊತ್ತಿಗೆ ಅದೇ ಮನೆಗಳವರು ಸಾಲಕ್ಕಾಗಿ ಬಾಗಿಲಿಂದ ಬಾಗಿಲಿಗೆ ಅಲೆದದ್ದನ್ನೂ ಕಂಡಿದ್ದೇನೆ.

2008ರ ಕೇಂದ್ರ ಸರಕಾರದ ಕೃಷಿ ಸಾಲಮನ್ನಾ ಯೋಜನೆಯಲ್ಲಿ ಈ ತೊಡಕಿಗೆ ಪರಿಹಾರವೊಂದಿತ್ತು: ಮನ್ನಾ ಆದ ರೈತನಿಗೆ ಪ್ರಮಾಣಪತ್ರ ಕೊಡಬೇಕು, ಅದರಿಂದ ಅವನು ಹೊಸ ಸಾಲಕ್ಕೆ ಅರ್ಹನಾಗಬೇಕು. ಆದರೆ 2013ರಲ್ಲಿ ಮಂಡಿಸಲಾದ ಮಹಾಲೇಖಪಾಲರ ವರದಿಯಂತೆ, ಪರಿಶೀಲಿಸಿದ ಫಲಾನುಭವಿಗಳ ಖಾತೆಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವುಗಳಲ್ಲಿ ಆ ಪತ್ರ ರೈತನ ಕೈಸೇರಿದ್ದಕ್ಕೆ ಆಧಾರವಿರಲಿಲ್ಲ. ಮನ್ನಾ ಆಯಿತು, ಮನ್ನಾ ಆದದ್ದಕ್ಕೆ ಸಾಕ್ಷಿ ಇಲ್ಲವಾಯಿತು.

ಇನ್ನು ನನ್ನ ಶಿಷ್ಯನ ಮಾತಿಗೆ ಬರುತ್ತೇನೆ. ಇಂದಿನ ಸಾಹುಕಾರನ ಕಿರ್ದಿ ಗಣಕಯಂತ್ರದಲ್ಲಿದೆ; ಸುಪೆಯ ಬೆಂಕಿ ಅದನ್ನು ತಲುಪಲಾರದು. 2000ರಲ್ಲಿ ಸಿಬಿಲ್ ಸಂಸ್ಥೆ ಹುಟ್ಟಿತು. 2005ರಲ್ಲಿ ಸಾಲಮಾಹಿತಿ ಸಂಸ್ಥೆಗಳ ಕಾಯ್ದೆಯಾಯಿತು. ನಮ್ಮ ಸಾಲದ ನಡತೆಗೆ 300ರಿಂದ 900ರವರೆಗೆ ಅಂಕ. ಪೂರ್ತಿ ತೀರಿಸಿದ ಸಾಲಕ್ಕೆ 'ಮುಕ್ತಾಯ' ಎಂಬ ಗುರುತು. ಕಡಿಮೆ ಹಣಕ್ಕೆ ಒಪ್ಪಂದವಾದರೆ 'ರಾಜಿ' ಎಂಬ ಗುರುತು. ನಮ್ಮ ಪಾಲಿಗೆ ಎರಡೂ ಒಂದೇ. ಗೃಹಸಾಲ ಕೊಡುವವನ ಕಣ್ಣಿಗೆ ಎರಡನೆಯದು ಹಳೆಯ ಗಾಯದ ಕಲೆ.

ಆದರೂ ಸಾಲಗಾರ ಬರಿಗೈಯವನಲ್ಲ. 2017ರಿಂದ ಪ್ರತಿಯೊಂದು ಸಾಲಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತಪ್ಪು ನಮೂದಿನ ಬಗ್ಗೆ ದೂರು ಕೊಟ್ಟು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ, ಆಮೇಲಿನ ದಿನವೊಂದಕ್ಕೆ 100 ರೂಪಾಯಿ ಪರಿಹಾರವೆಂದು ರಿಸರ್ವ್ ಬ್ಯಾಂಕಿನ 2023ರ ಆದೇಶ. ಅದೇ ವರ್ಷದ ಇನ್ನೊಂದು ಆದೇಶದಂತೆ, ಸಾಲ ತೀರಿದ 30 ದಿನಗಳೊಳಗೆ ಅಡವಿಟ್ಟ ಆಸ್ತಿಯ ಮೂಲಪತ್ರಗಳನ್ನು ಮರಳಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ತೆರಬೇಕು.

ಇದನ್ನು ಓದಿದಾಗ ನನಗೆ 1879ರ ಕಾಯ್ದೆಯ ಒಂದು ಮರೆತ ಅಧ್ಯಾಯ ನೆನಪಾಯಿತು. ರೈತನು ಕಟ್ಟಿದ ಹಣಕ್ಕೆ ಸಾಹುಕಾರನು ಬರೆದ ರಸೀದಿ ಕೊಡಬೇಕು; ಕೇಳಿದರೆ ವರ್ಷದ ಲೆಕ್ಕ ಕೊಡಬೇಕು; ಪಾಸ್‌ಬುಕ್ಕಿನಲ್ಲಿ ಬರೆದುಕೊಡಬೇಕು ಎಂದು ಅದರಲ್ಲಿತ್ತು. ಇತಿಹಾಸಕಾರರು ದಂಗೆಯ ಬೆಂಕಿಯ ಬಗ್ಗೆ ಬರೆದಷ್ಟು ಈ ರಸೀದಿಯ ಬಗ್ಗೆ ಬರೆಯುವುದಿಲ್ಲ. ನನಗಾದರೋ ಈಗ ಅದೇ ದೊಡ್ಡದೆನಿಸುತ್ತದೆ. ಸಾಲ ಕೊಟ್ಟವನ ನೆನಪನ್ನು ನಾವು ಸುಡಲಾರೆವು. ಅದರೆದುರು ನಮ್ಮದೊಂದು ನೆನಪನ್ನು ಇಟ್ಟುಕೊಳ್ಳಬಲ್ಲೆವು.

ಶಿಷ್ಯನಿಗೆ ಮರುದಿನ ನಾನೇ ಕರೆ ಮಾಡಿದೆ. ಹಳೆಯ ರಾಜಿಪತ್ರವಿದೆಯೇ ಎಂದು ಕೇಳಿದೆ, ಎಲ್ಲೋ ಇರಬೇಕೆಂದ. ಮೊದಲು ಅದನ್ನು ಹುಡುಕು, ಸಾಧ್ಯವಾದರೆ ಉಳಿದ ಹಣವನ್ನೂ ಕಟ್ಟಿ 'ಬಾಕಿ ಇಲ್ಲ' ಎಂಬ ಪತ್ರ ಪಡೆ, ವರದಿಯಲ್ಲಿ ಗುರುತು ಬದಲಾಯಿತೇ ಎಂದು ನೀನೇ ನೋಡು, ಆಮೇಲೆ ಅರ್ಜಿ ಹಾಕು ಎಂದೆ. ಬೇಗ ಆಗದೆಂದೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆ ಮೌನ ನನಗೆ ಪರಿಚಿತವಾದದ್ದು. ಬಸ್ಸಿನಲ್ಲಿ ಅದರ ಪಕ್ಕದಲ್ಲಿ ನಾನು ಕುಳಿತಿದ್ದೆ.

ಮಕ್ಕಳೇ, ಸಾಲ ಮಾಡಿದ್ದು ಅವಮಾನವಲ್ಲ, ಎಡವಿದ್ದೂ ಅವಮಾನವಲ್ಲ. ತೀರಿಸಿದ ಮೇಲೆ ಕಾಗದ ಕೇಳಲು ಸಂಕೋಚಪಡಬೇಡಿ. ಅವ್ವನ ಟ್ರಂಕು ಇಂದಿಗೂ ನಮ್ಮ ಮನೆಯಲ್ಲಿದೆ. ನನ್ನ ಗೃಹಸಾಲದ ಕೊನೆಯ ಪಾವತಿಯೂ ಅದರಲ್ಲಿಯೇ ಇದೆ.