ಸಾಹಿತಿಗಳ ಮನೇಲಿ ಒಲೆ ಎಲ್ಲಿ?

ಮೈಸೂರಿಗೆ ಬಂದ ನೆಂಟರು ಅರಮನೆ ನೋಡಿದ್ರೆ ಮೂರು ದಿನ ಅದರ ಮಾತೇ ಆಡ್ತಾರೆ. ಮೃಗಾಲಯ ನೋಡಿ ಬಂದ ಮಕ್ಕಳಂತೂ ವಾರ ಪೂರ್ತಿ ಹುಲಿ, ಜಿರಾಫೆ ಅಂತಿರ್ತವೆ. ಅದೇ ಒಬ್ಬ ದೊಡ್ಡ ಬರಹಗಾರರ ಮನೆ ನೋಡ್ಕೊಂಡು ಬಂದೋರನ್ನ ಕೇಳಿ. "ಒಂದು ಕೋಟು, ಒಂದು ಕನ್ನಡಕ, ಗೋಡೆ ತುಂಬ ಫೋಟೋ, ಅಷ್ಟೇ ಕಣಕ್ಕ" ಅಂದು ಸುಮ್ಮನಾಗ್ತಾರೆ. ಹೀಗ್ಯಾಕೆ ಅಂತ ನನಗೆ ಬಹಳ ದಿನದಿಂದ ಯೋಚನೆ. ಓದಿದ್ದು, ಕೇಳಿದ್ದು ಎಲ್ಲ ಸೇರಿಸಿ ಇವತ್ತು ಬರೀತಾ ಇದೀನಿ. ನನಗೆ ಅನಿಸಿದ್ದನ್ನ ಮೊದಲೇ ಹೇಳಿಬಿಡ್ತೀನಿ. ಎಲ್ಲಾ ತಪ್ಪೂ ಅಲ್ಲಿ ಕೆಲಸ ಮಾಡೋರದ್ದಲ್ಲ. ಆ ಮನೆಗಳು ನಮ್ಮ ಜನರ ಕೈಗೆ ಸಿಗೋ ಹೊತ್ತಿಗೆ ಒಳಗಿದ್ದ ಸಂಸಾರ ಎದ್ದು ಹೋಗಿರುತ್ತೆ, ಗೋಡೆ ಮಾತ್ರ ಉಳಿದಿರುತ್ತೆ.

ನಮ್ಮ ಹುಣಸೂರಿನ ಬಸ್ಸು ಬಿಳಿಕೆರೆ, ಇಲವಾಲ, ಹಿನಕಲ್ ದಾಟಿ ಮೈಸೂರೊಳಗೆ ಹೋಗುತ್ತಲ್ಲ, ಆ ರಸ್ತೆ ಎಡಗಡೆಗೆ ಒಂಟಿಕೊಪ್ಪಲು, ಯಾದವಗಿರಿ. ಬಲಗಡೆಗೆ ಮಾನಸಗಂಗೋತ್ರಿ. ನಾವು ಆಸ್ಪತ್ರೆಗೆ, ಸೀರೆ ಅಂಗಡಿಗೆ ಅಂತ ಎಷ್ಟು ಸಲ ಆ ದಾರೀಲಿ ಹೋಗಿ ಬಂದಿಲ್ಲ! ನಾನು ಹೇಳೋ ಕತೆ ಮುಕ್ಕಾಲು ಪಾಲು ಆ ಒಂದು ರಸ್ತೆಯ ಆಚೆ ಈಚೆಯದೇ.

ಮೊದಲು ಯಾದವಗಿರಿ. ಆರ್.ಕೆ. ನಾರಾಯಣ್ ಅಂದ್ರೆ ನಮಗೆಲ್ಲ 'ಮಾಲ್ಗುಡಿ ಡೇಸ್' ಧಾರಾವಾಹಿ, ಶಂಕರ್ ನಾಗ್, ಆ ಸ್ವಾಮಿ ಹುಡುಗ. ಅವರು ಹುಟ್ಟಿದ್ದು 1906ರಲ್ಲಿ ಮದ್ರಾಸಿನಲ್ಲಿ. ತಂದೆ ಮೈಸೂರಿನ ಹೈಸ್ಕೂಲಿಗೆ ಹೆಡ್‌ಮಾಸ್ಟರಾಗಿ ಬಂದಿದ್ದರಿಂದ ಇವರೂ ಮೈಸೂರಿನೋರಾದ್ರು. ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮಾಡಿದ್ರು. ಮೊದಲನೇ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಅಚ್ಚಾಗಿದ್ದು 1935ರಲ್ಲಿ. ಆಗ ಅವರ ಕುಟುಂಬ ಇದ್ದಿದ್ದು ಲಕ್ಷ್ಮೀಪುರದ ಬಾಡಿಗೆ ಮನೇಲಿ. ಯಾದವಗಿರಿ ಮನೆ ಶುರುವಾಗಿದ್ದು 1940ರ ದಶಕದ ಕೊನೆಗೆ, ಮುಗಿದಿದ್ದು 50ರ ದಶಕದ ಮೊದಲಿಗೆ. ಹಾಗಾಗಿ ಸ್ವಾಮಿಯ ಮನೆ ಹುಡುಕ್ಕೊಂಡು ಅಲ್ಲಿಗೆ ಹೋದ್ರೆ ಸ್ವಾಮಿ ಅಲ್ಲಿ ಇಲ್ಲ. ಇರಕ್ಕೆ ಸಾಧ್ಯಾನೂ ಇಲ್ಲ.

ಇನ್ನೊಂದು ವಿಷಯ ನಮ್ಮಂಥ ಹೆಂಗಸರು ಗಮನಿಸಬೇಕಾದ್ದು. ಅವರ ಹೆಂಡತಿ ರಾಜಮ್. 1934ರಲ್ಲಿ ಮದುವೆ, 1939ರಲ್ಲಿ ವಿಷಮಶೀತ ಜ್ವರ ಬಂದು ತೀರಿಕೊಂಡ್ರು. ಬರೀ ಐದು ವರ್ಷದ ಸಂಸಾರ. ಹೇಮಾ ಅನ್ನೋ ಪುಟ್ಟ ಮಗಳನ್ನ ಬಿಟ್ಟು ಹೋದ್ರು. ನಾರಾಯಣ್ ಮತ್ತೆ ಮದುವೆ ಮಾಡ್ಕೊಳ್ಳಲಿಲ್ಲ. ಆ ನೋವನ್ನೇ 1945ರ 'ದಿ ಇಂಗ್ಲಿಷ್ ಟೀಚರ್' ಕಾದಂಬರಿಯಾಗಿ ಬರೆದ್ರು. ಅದರಲ್ಲಿ ಸುಶೀಲಾ ಅಂತ ಹೆಂಡತಿ. ತಿಂಗಳ ದಿನಸಿ ಚೀಟಿ ಬರೆಯೋದೇನು, ಕಾಸು ಕಾಸಿಗೂ ಲೆಕ್ಕ ಇಡೋದೇನು, ನಮ್ಮ ಮನೆಯೋಳೇ ಅನ್ನಿಸ್ತಾಳೆ. ಗಂಡ ಹೆಂಡತಿ ಸ್ವಂತಕ್ಕೆ ಒಂದು ಮನೆ ತಗೊಳ್ಳೋಣ ಅಂತ ನೋಡಕ್ಕೆ ಹೋಗ್ತಾರೆ. ಅಲ್ಲಿಯ ಗಲೀಜು ಪಾಯಿಖಾನೆಗೆ ಹೋಗಿ ಬಂದ ಮೇಲೆ ಅವಳು ಹಾಸಿಗೆ ಹಿಡೀತಾಳೆ, ಮತ್ತೆ ಏಳೋದೇ ಇಲ್ಲ. ಅದನ್ನ ಬರೆದ ಮನುಷ್ಯ, ಹೆಂಡತಿ ಹೋಗಿ ಹತ್ತು ವರ್ಷದ ಆಸುಪಾಸಿನಲ್ಲಿ ನಿಜವಾಗ್ಲೂ ಮನೆ ಕಟ್ಟಕ್ಕೆ ಹೊರಟ್ರು. ಬರೆಯೋಕೆ ಅಂತಲೇ ಎಂಟು ಕಿಟಕಿಯ ಒಂದು ಕೋಣೆ ಮಾಡಿಸಿಕೊಂಡ್ರು. ಆಗ ಸುತ್ತ ಇಷ್ಟೊಂದು ಮನೆ ಇರಲಿಲ್ಲ, ಚಾಮುಂಡಿ ಬೆಟ್ಟ, ಹೋಗೋ ಬರೋ ರೈಲು, ಮೇಯೋ ದನ ಎಲ್ಲ ಕಾಣ್ತಿತ್ತಂತೆ. ರಾಜಮ್ ಕಾಲಿಡದೇ ಇದ್ದ ಮನೇಲಿ ನಾವು ರಾಜಮ್ಮನ್ನ ಹುಡುಕಿದ್ರೆ ಎಲ್ಲಿ ಸಿಗ್ತಾರೆ?

ವಯಸ್ಸಾದ ಮೇಲೆ, 1990ರ ದಶಕದಲ್ಲಿ, ಅವರು ಮೈಸೂರು ಬಿಟ್ಟು ಚೆನ್ನೈಗೆ ಹೋದ್ರು. ಮಗಳು 1994ರಲ್ಲಿ ತೀರಿಕೊಂಡ್ರು, ಅವರು 2001ರ ಮೇ ತಿಂಗಳಲ್ಲಿ. ಅವರ ಕಾಗದಪತ್ರ, ಹಸ್ತಪ್ರತಿಗಳ ಒಂದು ಸಂಗ್ರಹ ಅಮೆರಿಕದ ಬೋಸ್ಟನ್ ವಿಶ್ವವಿದ್ಯಾಲಯದಲ್ಲಿದೆ. ಹತ್ತು ವರ್ಷ ಹೀಗೇ ಕಳೀತು. 2011ರಲ್ಲಿ ಆ ಮನೆ ಕೆಡವೋ ಕೆಲಸ ಶುರುವಾಗಿಬಿಟ್ಟಿತ್ತು. ಮೈಸೂರಿನ ಪತ್ರಿಕೇಲಿ ಸುದ್ದಿ ಬಂದು, ಜನ ಕೂಗಾಡಿದ ಮೇಲೆ ಸರ್ಕಾರ ತಡೀತು. ಆಮೇಲೆ ಅದಕ್ಕೂ ಜಗಳ. ಅವರು ಕನ್ನಡದಲ್ಲಿ ಬರೆದೋರಲ್ಲ, ಇಂಗ್ಲಿಷಿನೋರಿಗೆ ಸರ್ಕಾರದ ದುಡ್ಡಲ್ಲಿ ಸ್ಮಾರಕ ಯಾಕೆ ಅಂತ ಕೆಲವು ಕನ್ನಡ ಬರಹಗಾರರೇ ವಿರೋಧ ಮಾಡಿದ್ರು. ನನಗೆ ಆ ವಾದ ಒಪ್ಪಿಗೆ ಇಲ್ಲ. ಮೈಸೂರಿನ ಮಾರ್ಕೆಟ್ಟು, ಮೈಸೂರಿನ ಕಾಫಿ, ಮೈಸೂರಿನ ಮಾತುಗಾರರನ್ನ ಲೋಕಕ್ಕೆಲ್ಲ ಕೊಟ್ಟ ಮನುಷ್ಯ ಯಾವ ಭಾಷೇಲಿ ಬರೆದ್ರೇನು? ಅಂತೂ ನಗರಪಾಲಿಕೆ ಮನೆ ಕೊಂಡು, ರಿಪೇರಿ ಮಾಡಿಸಿ, 2016ರ ಜುಲೈನಲ್ಲಿ ಜನರಿಗೆ ತೆರೀತು. ಮನೆಯೋರು ಕೊಟ್ಟ ಬಟ್ಟೆ, ಕನ್ನಡಕ, ಪುಸ್ತಕ, ಫೋಟೋ ಇಟ್ಟಿದ್ದಾರೆ. ಲೆಕ್ಕ ಹಾಕಿ ನೋಡಿ, ಅವರು ಬಿಟ್ಟು ಹೋಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ನಾವು ಮಗಳ ಮನೆಗೆ ಅಂತ ಆರು ತಿಂಗಳು ಹೋಗಿ ಬಂದ್ರೇ ನಮ್ಮ ಪಾತ್ರೆ ಎಲ್ಲಿದೆ ಅಂತ ಹುಡುಕಬೇಕು.

ಇಷ್ಟಾದ್ರೂ ಉಳೀತಲ್ಲ ಅನ್ನೋಣ. ಇಂಗ್ಲೆಂಡಿನಲ್ಲಿ ಶೇಕ್ಸ್‌ಪಿಯರ್ ಕೊನೇಗಾಲದಲ್ಲಿ ಇದ್ದ 'ನ್ಯೂ ಪ್ಲೇಸ್' ಅನ್ನೋ ಮನೆ ಗತಿ ಇನ್ನೂ ಕಷ್ಟದ್ದು. ಮುಂದೆ ಅದನ್ನ ಕೊಂಡವನು ಗ್ಯಾಸ್ಟ್ರೆಲ್ ಅಂತ ಒಬ್ಬ ಪಾದ್ರಿ. ನೋಡಕ್ಕೆ ಬರೋ ಜನರ ಕಾಟ ತಡೀಲಾರದೆ, ಶೇಕ್ಸ್‌ಪಿಯರ್ ನೆಟ್ಟಿದ್ದು ಅಂತ ಹೆಸರಾಗಿದ್ದ ಹಿಪ್ಪುನೇರಳೆ ಮರಾನ ಮೊದಲು ಕಡಿಸಿದ. 1759ರಲ್ಲಿ ಮನೇನೇ ಕೆಡವಿಸಿಬಿಟ್ಟ. ಈಗ ಆ ಜಾಗದಲ್ಲಿ ಇರೋದು ತೋಟ.

ಇಲ್ಲಿ ನನ್ನದೂ ಒಂದು ಅನುಭವ ಹೇಳ್ತೀನಿ. ಊರು, ಹೆಸರು ಬೇಡ. ಈ ಬರಹದಲ್ಲಿ ಹೆಸರು ಹೇಳಿರೋ ಯಾವ ಜಾಗಾನೂ ಅಲ್ಲ ಅದು. ನಾನು, ನನ್ನ ಓರಗಿತ್ತಿ, ಅವಳ ಇಬ್ಬರು ಮೊಮ್ಮಕ್ಕಳು ಬಸ್ಸು ಬದಲಾಯಿಸಿ, ಬಿಸಿಲಲ್ಲಿ ನಡೆದು ಒಬ್ಬ ಕವಿಗಳ ಸ್ಮಾರಕಕ್ಕೆ ಹೋದ್ವು. ಬಾಗಿಲಿಗೆ ಬೀಗ. ಊಟಕ್ಕೆ ಹೋಗಿದ್ದ ಹುಡುಗ ಮುಕ್ಕಾಲು ಗಂಟೆ ಬಿಟ್ಟು ಬಂದು ಟ್ಯೂಬ್‌ಲೈಟ್ ಹಾಕಿದ. ಗಾಜಿನ ಪೆಟ್ಟಿಗೇಲಿ ಒಂದು ಪೆನ್ನು, ಬಣ್ಣ ಹೋದ ಶಾಲು, ಯಾರು ಯಾರಿಗೆ ಹಾರ ಹಾಕ್ತಿದ್ದಾರೆ ಅಂತ ಬರೆಯದೇ ಇರೋ ಫೋಟೋಗಳು. ಓರಗಿತ್ತಿ ಕೇಳಿದಳು, "ಅಡುಗೆಮನೆ ಯಾವ ಕಡೆ ಇತ್ತಪ್ಪ?" ಆ ಹುಡುಗ, "ಅದು ಈಗ ಆಫೀಸು ಕಣಮ್ಮ" ಅಂದ. ಮಕ್ಕಳು ಆಗಲೇ ಹೊರಗೆ ಹೋಗಿ ಜಗಲಿ ಮೇಲೆ ಕೂತಿದ್ವು. ನನಗೆ ಆ ಹುಡುಗನ ಮೇಲೆ ಕೋಪ ಬರಲಿಲ್ಲ. ಅವನಿಗೆ ಯಾರೂ ಏನೂ ಹೇಳಿಕೊಟ್ಟಿಲ್ಲ, ಅವನೇನು ಹೇಳ್ತಾನೆ. ಆದ್ರೆ ಆಫೀಸು ಮಾಡಕ್ಕೆ ಆ ಮನೇಲಿ ಅಡುಗೆಮನೆಯೇ ಬೇಕಾಗಿತ್ತಾ ಅಂತ ಈಗಲೂ ಅನಿಸುತ್ತೆ. ಅಷ್ಟು ಪುಸ್ತಕ ಬರೆದ ಕವಿಗೆ ಹೊತ್ತು ಹೊತ್ತಿಗೆ ಅನ್ನ ಬೇಯಿಸಿ ಹಾಕಿದ ಜಾಗ ಅದು. ಅಲ್ಲಿ ಈಗ ಫೈಲು, ಕುರ್ಚಿ.

ಇದಕ್ಕೆ ತಿರುಗಾಮುರುಗಾ ಒಂದು ಕತೆ ಶಿವಮೊಗ್ಗ ಜಿಲ್ಲೆಯ ಅರಸಾಳಿನದು. ಅಲ್ಲಿಯ ಸಣ್ಣ ರೈಲ್ವೆ ಸ್ಟೇಷನ್ನಿನಲ್ಲಿ 'ಮಾಲ್ಗುಡಿ ಡೇಸ್' ಧಾರಾವಾಹಿಯ ರೈಲಿನ ದೃಶ್ಯ ತೆಗೆದಿದ್ರು. ಪಾಳು ಬಿದ್ದಿದ್ದ ಹಳೇ ಕಟ್ಟಡಾನ ರೈಲ್ವೆಯವರು ಸರಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ರು. ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ ಅದನ್ನ ರೂಪಿಸಿದ್ರು. ನಾರಾಯಣ್ ವಾಸ ಇದ್ದ ಜಾಗ ಅಲ್ಲ ಅದು. ಅವರ ಮಾಲ್ಗುಡಿ ಅಂತೂ ಯಾವ ನಕ್ಷೇಲೂ ಇಲ್ಲ. ಆದ್ರೂ ಅಲ್ಲಿಗೆ ಹೋಗೋರಿಗೆ ತಾವು ಏನು ನೋಡಕ್ಕೆ ಬಂದಿದೀವಿ ಅಂತ ಗೊತ್ತಿರುತ್ತೆ. ಟಿ.ವಿ.ಯಲ್ಲಿ ಕಂಡ ಸ್ಟೇಷನ್ನು ಕಣ್ಣೆದುರಿಗೆ ಇರುತ್ತೆ.

ಈಗ ರಸ್ತೆಯ ಬಲಗಡೆಗೆ ಬರೋಣ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅರಮನೆ, ಚಾಮರಾಜ ಒಡೆಯರ ಹಿರೀ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗೆ ಅಂತ 1905ರಲ್ಲಿ ಕಟ್ಟಿದ್ದು. ಆಮೇಲೆ ವಿಶ್ವವಿದ್ಯಾಲಯದ ಕೈಗೆ ಬಂತು. ಅಲ್ಲಿ 1960ರ ದಶಕದ ಕೊನೆಗೆ ಜಾನಪದ ವಸ್ತುಸಂಗ್ರಹಾಲಯ ಶುರುವಾಯ್ತು. ದೇ. ಜವರೇಗೌಡರು, ಜೀ.ಶಂ. ಪರಮಶಿವಯ್ಯನವರು, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರು ಇವರೆಲ್ಲ ಅದಕ್ಕೆ ದುಡಿದೋರು. ಊರೂರು ತಿರುಗಿ ಕೂಡಿಸಿದ್ದು 6,500ಕ್ಕೂ ಹೆಚ್ಚು ವಸ್ತು. ಅದರಲ್ಲೇ ಸಾಹಿತಿಗಳು ಬಳಸಿದ ವಸ್ತುಗಳ ವಿಭಾಗಾನೂ ಒಂದು. ಅಂದ್ರೆ ಬರಹಗಾರರ ಸಾಮಾನೂ ಹಳ್ಳಿ ಹಟ್ಟಿಯ ಸಾಮಾನೂ ಒಂದೇ ಸೂರಿನಡಿ. ಇದು ನನಗೆ ಬಹಳ ಹಿಡಿಸಿದ ಲೆಕ್ಕಾಚಾರ. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಕಟ್ಟಡ ರಿಪೇರಿಯಾಗಿ 2006ರಲ್ಲಿ ಮತ್ತೆ ತೆರೀತು. ಆದ್ರೆ ಹಳೇ ಕಟ್ಟಡ ನೋಡಿ, ಒಂದು ಸಲ ರಿಪೇರಿ ಮಾಡಿಸಿ ಬಿಟ್ರೆ ಆಗಲ್ಲ. ನಮ್ಮ ನಾಡಹೆಂಚಿನ ಮನೆಗೆ ವರ್ಷಾ ವರ್ಷ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸ್ತಿದ್ವಲ್ಲ, ಹಾಗೆ ಮಾಡ್ತಾನೇ ಇರಬೇಕು. ಮತ್ತೆ ಸೋರಿ, ಶಿಥಿಲವಾಗಿ, ಜನ ಒಳಗೆ ಹೋಗೋದು ಅಪಾಯ ಅಂತ ಕೆಲವು ವರ್ಷದ ಹಿಂದೆ ಬಾಗಿಲು ಹಾಕಬೇಕಾಗಿ ಬಂತು. ಅಷ್ಟು ಜನ ಹೊತ್ತು ತಂದು ಜೋಡಿಸಿದ್ದು ಬೀಗದೊಳಗೆ.

ಅಡುಗೆಮನೆ ಸಿಗೋ ಜಾಗಾನೇ ಇಲ್ಲವಾ ಅಂದ್ರೆ, ಇದೆ. ತೀರ್ಥಹಳ್ಳಿ ಹತ್ತಿರದ ಕುಪ್ಪಳಿ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು ತಾಯಿಯ ತವರು ಹಿರೇಕೊಡಿಗೆಯಲ್ಲಿ, ಬೆಳೆದಿದ್ದು ಕುಪ್ಪಳಿಯ ದೊಡ್ಡ ತೊಟ್ಟಿ ಮನೇಲಿ. 1992ರಲ್ಲಿ ಶುರುವಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನದವರು ಆ ಮನೇನ ಎತ್ತಿ ನಿಲ್ಲಿಸಿದ್ರು. ಅಲ್ಲಿ ಪುಸ್ತಕ, ಪ್ರಶಸ್ತಿಗಿಂತ ಮೊದಲು ಕಣ್ಣಿಗೆ ಬೀಳೋದು ಸಂಸಾರದ ಸಾಮಾನು. ಅಡುಗೆಮನೆಯ ಪಾತ್ರೆ ಪಡಗ, ಮಲೆನಾಡಿನ ಒಕ್ಕಲು ಮನೇಲಿ ದಿನಾ ಬೇಕಾಗೋ ವಸ್ತುಗಳು, 1937ರಲ್ಲಿ ಹೇಮಾವತಿಯವರ ಕೈ ಹಿಡಿದ ಮದುವೆ ಮಂಟಪ. ಸಾಹಿತ್ಯ ಓದದೇ ಇರೋ ಹೆಂಗಸಿಗೂ ಅಲ್ಲಿ ನೋಡಕ್ಕೆ, ಮಾತಾಡಕ್ಕೆ ಇರುತ್ತೆ. 'ಇದು ನಮ್ಮಜ್ಜಿ ಹತ್ರಾನೂ ಇತ್ತು' ಅಂತ ಒಬ್ಬರು ಅಂದ್ರೆ ಸಾಕು, ಪಕ್ಕದವರು ಶುರು ಮಾಡ್ತಾರೆ. ಅಲ್ಲೂ ತೊಂದರೆ ಆಗಿಲ್ಲ ಅಂತಲ್ಲ. 2015ರ ನವೆಂಬರಿನ ಒಂದು ರಾತ್ರಿ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕ ಕದ್ದುಕೊಂಡು ಹೋದ್ರು. ನಾಡಿಗೆ ನಾಡೇ ಬೇಜಾರು ಮಾಡ್ಕೊಂಡ್ತು. ನನಗೂ ಬೇಜಾರಾಯ್ತು, ಸುಳ್ಳು ಹೇಳಲ್ಲ. ಆದ್ರೆ ಕುಪ್ಪಳಿಗೆ ಹೋದೋರು ಪದಕ ಇಲ್ಲ ಅಂತ ಬರಿಗೈಲಿ ಬಂದಂಗೆ ಆಗಲ್ಲ. ಮನೆ ತುಂಬಿದೆ.

ಕುವೆಂಪು ಬದುಕಿನ ಬಹುಪಾಲು ಕಳೆದಿದ್ದು ಮಾತ್ರ ನಮ್ಮ ಬಸ್ಸಿನ ದಾರಿಯ ಒಂಟಿಕೊಪ್ಪಲಿನ 'ಉದಯರವಿ'ಯಲ್ಲಿ. ಅದು ಅವರ ಕುಟುಂಬದೋರ ಮನೆ, ಟಿಕೆಟ್ ಕೊಟ್ಟು ನೋಡೋ ಜಾಗ ಅಲ್ಲ. ಹೋಗಿ ಗೇಟು ತಟ್ಟಬೇಡಿ. ಆ ಮನೆಯೊಳಗೆ ಹೋಗಬೇಕು ಅಂದ್ರೆ ಎರಡು ಪುಸ್ತಕ ಇವೆ. ಮಗ ತೇಜಸ್ವಿ ಬರೆದ 'ಅಣ್ಣನ ನೆನಪು', ಮಗಳು ತಾರಿಣಿ ಬರೆದ 'ಮಗಳು ಕಂಡ ಕುವೆಂಪು'. ಮೊದಲನೇದನ್ನ ಬಹಳ ಜನ ಓದಿದ್ದೀರಿ. ಎರಡನೇದನ್ನ ನಮ್ಮ ಬೀದೀಲಿ ನನ್ನ ಬಿಟ್ರೆ ಯಾರೂ ಓದಿದಂಗಿಲ್ಲ. ಮನೆ ಹೆಣ್ಣುಮಗಳ ಕಣ್ಣಿಗೆ ಕಂಡಿದ್ದು ಅದು, ಗಾಜಿನ ಪೆಟ್ಟಿಗೇಲಿ ಇಡಕ್ಕೆ ಬರದೇ ಇರೋದು. ನಮ್ಮನೆ ಟಿ.ವಿ. ಪಕ್ಕದ ಗೂಡಲ್ಲಿ ಇದೆ. ಬಂದು ತಗೊಂಡು ಹೋಗಿ. ಆದ್ರೆ ಓದಿ ವಾಪಸ್ ಕೊಡಿ, ಹೋದ ಸಲ 'ಕರ್ವಾಲೊ' ತಗೊಂಡೋರು ಇನ್ನೂ ಕೊಟ್ಟಿಲ್ಲ.