ಅಂಗಳದ ಸೊಳ್ಳಿ ಮತ್ತ 141 ವರ್ಷದ ಕತಿ

ಭಾಗ 1/7 🦟
ದೋಸ್ತರ, ಇವತ್ತಿನ ಇತಿಹಾಸ ಒಂದು ದಂಡದ ರಸೀದಿಯಿಂದ ಶುರು ಮಾಡೋಣ. 2024ರ ಸೆಪ್ಟೆಂಬರ್‌ನಾಗ ಕರ್ನಾಟಕ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಣೆ ಮಾಡ್ತು. ಮನಿಯಾಗ, ಅಂಗಳದಾಗ ಸೊಳ್ಳಿ ಹುಟ್ಟೋ ಹಂಗ ನೀರು ನಿಂತಿದ್ರ ದಂಡ: ಸಿಟಿಯಾಗ 400 ರೂಪಾಯಿ, ಹಳ್ಳ್ಯಾಗ 200.
ಆದ್ರ "ನಿಂತ ನೀರು ಚೆಲ್ಲಿದ್ರ ಸೊಳ್ಳಿ ಕಡಿಮಿ ಆಗ್ತಾವು" ಅನ್ನೋ ಮಾತು ನಮ್ಮ ಬೆಂಗಳೂರಾಗ 1883ರಾಗ ಒಬ್ಬ ಹೇಳಿದ್ದ. ಅವನ ಮಾತು ಅಲ್ಲಿ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಅಲ್ಲಿಂದ ಈ ದಂಡದ ತನಕ 141 ವರ್ಷ. ನಡುವ ಏನಾತು? ಓದ್ರಿ 👇

ಭಾಗ 2/7
ಅವನ ಹೆಸರು ರೊನಾಲ್ಡ್ ರಾಸ್. ಹುಟ್ಟಿದ್ದು ಅಲ್ಮೋರಾದಾಗ, 1857ರಾಗ. ಬ್ರಿಟಿಷ್ ಸೇನೆಯ ಡಾಕ್ಟರ್ ಆಗಿ ಬೆಂಗಳೂರಿಗೆ ಬಂದಾಗ ವಯಸ್ಸು 26, ನಮಗಿಂತ ಐದಾರು ವರ್ಷ ದೊಡ್ಡವ ಅಷ್ಟ. ಅವನ ಬಂಗಲೆದಾಗ ಸೊಳ್ಳಿ ಕಾಟ ವಿಪರೀತ. ಹುಡುಕಿ ನೋಡಿದ್ರ ಕಿಟಕಿ ಹೊರಗಿನ ನೀರಿನ ತೊಟ್ಟಿಯೊಳಗ ಮರಿಹುಳ ಕುಣೀತಿದ್ವು. ತೊಟ್ಟಿ ಬೋರಲು ಹಾಕಿದ, ಕಾಟ ಇಳೀತು.
ಖುಷಿಯಿಂದ ಮೇಲಿನ ಅಧಿಕಾರಿಗೆ ಹೇಳಿದ: ಮೆಸ್ಸಿನ ತೊಟ್ಟಿ, ಹೂವಿನ ಕುಂಡ, ಹಳೇ ಡಬ್ಬಿ ಎಲ್ಲಾ ಖಾಲಿ ಮಾಡಿಸೋಣ. ಆ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೀನೂ ಯಾವುದೋ ಕಾರಣಕ್ಕ ಸೃಷ್ಟಿ ಆಗ್ಯಾವು, ನಿಸರ್ಗದ ವ್ಯವಸ್ಥೆ ಕೆಡಿಸಬಾರದು, ಸಹಿಸ್ಕೋಬೇಕು ಅನ್ನೋದು ಅವನ ವಾದ. ರಾಸ್ ತನ್ನ ಆತ್ಮಕಥೆಯೊಳಗ ಇದನ್ನ ಬರದಾನ.
ಆಗ ಸೊಳ್ಳಿಯಿಂದ ಮಲೇರಿಯಾ ಬರ್ತದ ಅಂತ ಸಾಬೀತು ಆಗಿರಲಿಲ್ಲ. 1897ರ ಆಗಸ್ಟ್ 20ಕ್ಕ ಸಿಕಂದರಾಬಾದ್‌ನಾಗ ಸೊಳ್ಳಿ ಹೊಟ್ಟಿಯೊಳಗ ಮಲೇರಿಯಾ ಪರಾವಲಂಬಿಯನ್ನ ಮೊದಲು ಕಂಡವನೂ ಇದೇ ರಾಸ್. 1902ರಾಗ ನೊಬೆಲ್ ಬಂತು. ಆಗಸ್ಟ್ 20 ಇವತ್ತಿಗೂ ವಿಶ್ವ ಸೊಳ್ಳೆ ದಿನ.

ಭಾಗ 3/7 🐟
ಎಲ್ಲಾ ನೀರೂ ಚೆಲ್ಲೋಕ ಬರೂದಿಲ್ಲಲ್ಲ? ಬಾವಿ ಬೋರಲು ಹಾಕೋದು ಹೆಂಗ? ಅದಕ್ಕ ಬಂದಿದ್ದು ಮೀನು.
ಗಂಬೂಸಿಯಾ ಅಂತ ಬೆರಳುದ್ದದ ಮೀನು. ಸೊಳ್ಳಿಯ ಮರಿಹುಳ ಅಂದ್ರ ಅದಕ್ಕ ಹಬ್ಬದೂಟ. 1928ರಾಗ ಡಾ. ಬಿ. ಎ. ರಾವ್ ಇದನ್ನ ಇಟಲಿಯಿಂದ ಭಾರತಕ್ಕ ತರಿಸಿದ್ರು.
ಮುಂದ 1990ರ ದಶಕದ ಕೊನೆಯಾಗ ಕೋಲಾರ ಜಿಲ್ಲೆಯ ಕಾಮಸಮುದ್ರ ಭಾಗದ ಹಳ್ಳಿಗಳ ಬಾವಿಗೆ ಗಪ್ಪಿ ಮೀನು ಬಿಟ್ರು. ಅಲ್ಲಿ ಮಲೇರಿಯಾ ಸೊಳ್ಳಿ ಮುಖ್ಯವಾಗಿ ಹುಟ್ಟತಿದ್ದದ್ದೇ ಬಾವಿಯೊಳಗ. ಕೆಲವೇ ವರ್ಷದಾಗ ಮಲೇರಿಯಾ ಹೆಚ್ಚುಕಡಿಮಿ ನಿಂತೇ ಹೋತು. ಕೋಲಾರ ರೇಷ್ಮೆಯ ಸೀಮೆ ಅನ್ನೋದೂ ನೆನಪಿಡ್ರಿ. ಸೊಳ್ಳಿ ಕೊಲ್ಲೋ ಔಷಧಿ ರೇಷ್ಮೆಹುಳಾನೂ ಕೊಲ್ಲತದ. ಮೀನು ಹಂಗ ಮಾಡೂದಿಲ್ಲ.
ಎಚ್ಚರ: ಗಂಬೂಸಿಯಾ ಹೊರಗಿನದು. ಹಳ್ಳ, ಕೆರಿಗೆ ಬಿಟ್ರ ನಮ್ಮ ಸಣ್ಣ ಮೀನಿನ ವಂಶಾನೂ ತಿಂದು ಮುಗಸ್ತದ. ನೈಸರ್ಗಿಕ ಅಂದ ಮಾತ್ರಕ್ಕ ಎಲ್ಲಾ ಕಡೆ ಒಳ್ಳೇದಲ್ಲ.

ಭಾಗ 4/7
ಹಂಗಾರ ನಡುವ ಎಲ್ಲಾರೂ ತೊಟ್ಟಿ, ಮೀನು ಮರತದ್ದು ಯಾಕ? ಉತ್ತರ ಮೂರು ಅಕ್ಷರ: ಡಿಡಿಟಿ.
ಇದರ ಕತಿಯೂ ನಮ್ಮ ಕಡೇದ. ಆಗ ಮುಂಬೈ ಪ್ರಾಂತ್ಯದಾಗಿದ್ದ ಧಾರವಾಡ ಮತ್ತ ಕಾರವಾರ ಭಾಗದ ಹಳ್ಳಿಗಳೊಳಗ 1945ರ ಸುಮಾರಿಗೆ ಡಾ. ಡಿ. ಕೆ. ವಿಶ್ವನಾಥನ್ ಮನಿ ಗೋಡೆಗೆ ಡಿಡಿಟಿ ಹೊಡೆಸಿದ್ರು. ಮಲೇರಿಯಾ ಸರ್ರನೆ ಇಳೀತು. 1953ರಾಗ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು, 1958ರಾಗ ಅದು "ನಿರ್ಮೂಲನ" ಕಾರ್ಯಕ್ರಮ ಆತು. ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕ ಸುಮಾರು 7.5 ಕೋಟಿ ಇದ್ದ ಮಲೇರಿಯಾ ಪ್ರಕರಣ 1965ಕ್ಕ 1 ಲಕ್ಷಕ್ಕ ಇಳೀತು. ಲಕ್ಷಾಂತರ ಜೀವ ಉಳಿದ್ವು, ಇದನ್ನ ಸಣ್ಣ ಮಾತು ಅನ್ನಬ್ಯಾಡ್ರಿ.
ಆದ್ರ ಸೊಳ್ಳಿ ಔಷಧಿಗೆ ಹೊಂದಿಕೊಂಡ್ವು, ಕೆಲಸಾನೂ ಸಡಿಲ ಆತು. 1976ಕ್ಕ ಮತ್ತ 64 ಲಕ್ಷ ಪ್ರಕರಣ.

ಭಾಗ 5/7
ಈಗ ನಮ್ಮ ಅಜ್ಜಿಯ ಪದ್ಧತಿ. ಸಂಜಿ ಮುಂದ ಕುಳ್ಳಿನ ಬೆಂಕಿ ಮ್ಯಾಲ ಬೇವಿನ ಸೊಪ್ಪು, ಲಕ್ಕಿ ಸೊಪ್ಪು. ಹೊಗಿಗೆ ಸೊಳ್ಳಿ ದೂರ ಸರೀತಾವು, ಖರೇನ. ಆದ್ರ ಹೊಗಿ ಆರಿದ ಮ್ಯಾಲ ತಿರುಗಿ ಬರ್ತಾವು. ಮುಚ್ಚಿದ ಖೋಲಿಯಾಗ ಹಾಕಿದ್ರ ಕೂಸಿನ ಎದಿಗೂ ಅದೇ ಹೊಗಿ. ಇನ್ನ ತುಳಸಿ, ನಿಂಬೆಹುಲ್ಲು: ಕುಂಡದಾಗ ಸುಮ್ಮನ ನಿಂತ್ರ ಸೊಳ್ಳಿ ಹೆದರೂದಿಲ್ಲ, ಎಲಿ ಜಜ್ಜಿದಾಗ ವಾಸನಿ ಹೊರಗ ಬರ್ತದ, ಸ್ವಲ್ಪ ಹೊತ್ತು ಅಷ್ಟ.
ನಮ್ಮ ಬಿಕಾಂ ಭಾಷಾದಾಗ ಹೇಳಬೇಕಂದ್ರ: ಹೊಗಿ, ಕಾಯಿಲ್ ಎಲ್ಲಾ ಬಡ್ಡಿ ಕಟ್ಟಿದಂಗ, ದಿನಾ ಕಟ್ಟಬೇಕು. ನೀರು ಚೆಲ್ಲೋದು ಅಂದ್ರ ಅಸಲು ತೀರಿಸಿದಂಗ.

ಭಾಗ 6/7
ನಮ್ಮ ಚಿಮ್ಮಡಕ್ಕ ಬರೋಣ. ಡೆಂಗಿ ಸೊಳ್ಳಿ ಗಟಾರಕ್ಕಿಂತ ಹೆಚ್ಚು ತಿಳಿನೀರನ್ನ ಹುಡುಕ್ತದ: ಬ್ಯಾರಲ್, ಹೌದ, ಟಾಯರ್, ತೆಂಗಿನ ಚಿಪ್ಪು. ಕಡಿಯೋದು ಹಗಲೊತ್ತು, ಕೂಡೋದು ಕತ್ತಲ ತಂಪು ಜಾಗದಾಗ. ರಬಕವಿ-ಬನಹಟ್ಟಿ ಕಡೆ ಕುಣಿಮಗ್ಗದ ಮುಂದ ಹಗಲೆಲ್ಲಾ ಕಾಲು ಕೆಳಗ ಬಿಟ್ಟು ನೇಯೋ ಅಜ್ಜನ್ನ ನೆನಸ್ಕೋರಿ. ಸೊಳ್ಳಿಗೆ ಅದಕ್ಕಿಂತ ಚಲೋ ಜಾಗ ಬೇಕಾ?
ಇನ್ನೊಂದು ಮಾತು. ಜನ ನೀರು ತುಂಬಿಡೋದು ಶೋಕಿಗಲ್ಲ. ನಳ ಯಾವಾಗ ಬರ್ತದೋ ಗೊತ್ತಿಲ್ಲ, ಅದಕ್ಕ ಬ್ಯಾರಲ್. ದಂಡ ಹಾಕೋರು ನೀರು ದಿನಾ ಬಿಡೋ ಲೆಕ್ಕಾನೂ ಇಡಬೇಕು. 1883ರಾಗ ತೊಟ್ಟಿ ಖಾಲಿ ಮಾಡಿಸೋ ಅಧಿಕಾರ ಇದ್ದವರು ಮನಸ್ಸು ಮಾಡಲಿಲ್ಲ. ಈಗ ಮನಸ್ಸಿದ್ದ ತಾಯಂದಿರ ಹತ್ರ ನಳದ ಚಾವಿ ಇಲ್ಲ.

ಭಾಗ 7/7 ✅ ಸೇವ್ ಮಾಡ್ಕೋರಿ
👉 ಮೊಟ್ಟೆಯಿಂದ ಸೊಳ್ಳಿ ಆಗಾಕ ಸುಮಾರು 7ರಿಂದ 10 ದಿನ. ಅದಕ್ಕ ವಾರಕ್ಕೊಮ್ಮೆ, ಮನಿ ತೊಳೆಯೋ ದಿನಾನ, ಎಲ್ಲಾ ಪಾತ್ರೆ ಖಾಲಿ ಮಾಡ್ರಿ.
👉 ಬರೀ ಚೆಲ್ಲಿದ್ರ ಸಾಲದು, ಒಳಗೋಡಿ ಉಜ್ಜಬೇಕು. ಡೆಂಗಿ ಸೊಳ್ಳಿಯ ಮೊಟ್ಟೆ ನೀರಿನ ಅಂಚಿಗೆ ಅಂಟಿರ್ತಾವು, ಒಣಗಿದ್ರೂ ತಿಂಗಳುಗಟ್ಟಲೆ ಸಾಯೂದಿಲ್ಲ.
👉 ಚೆಲ್ಲೋಕ ಆಗದ ಬ್ಯಾರಲ್‌ಗೆ ಹಳೇ ಧೋತರದ ಅರಬಿ ಬಿಗಿಯಾಗಿ ಕಟ್ರಿ.
👉 ಬಳಸದ ಬಾವಿ ಇದ್ರ ಮೀನಿಗೆ ಆರೋಗ್ಯ ಕೇಂದ್ರದಾಗ ಕೇಳ್ರಿ. ಹಳ್ಳಕ್ಕ ಬಿಡಬ್ಯಾಡ್ರಿ.
👉 ಹಗಲು ಮಲಗೋ ಕೂಸಿಗೂ ಸೊಳ್ಳಿ ಪರದೆ.
👉 ಜ್ವರ ಬಂದ್ರ ಮನಿಮದ್ದು ಅಂತ ಕೂಡಬ್ಯಾಡ್ರಿ, ರಕ್ತ ತಪಾಸಣಿ ಮಾಡಿಸ್ರಿ.

ಒಂದು ಮನಿ ಮಾಡಿದ್ರ ಸಾಲೂದಿಲ್ಲ, ಪಕ್ಕದ ಮನಿ ಸೊಳ್ಳಿಗೆ ಗ್ವಾಡಿ ಅಡ್ಡ ಬರೂದಿಲ್ಲ. ನಿಮ್ಮ ಓಣಿಯ ಒಬ್ಬರಿಗೆ ಇದನ್ನ ಕಳಸ್ರಿ. ಇವತ್ತ ನಿಮ್ಮ ಅಂಗಳದಾಗ ಎಷ್ಟು ಕಡೆ ನೀರು ನಿಂತಿತ್ತು? ಎಣಿಸಿ ಕಾಮೆಂಟ್‌ನಾಗ ಬರೀ ನಂಬರ್ ಹಾಕ್ರಿ 🙏

#ಚಿಮ್ಮಡ #ರಬಕವಿಬನಹಟ್ಟಿ #ನಮ್ಮಇತಿಹಾಸ #ಸೊಳ್ಳೆ #ಡೆಂಗಿ